ಬೆಳ್ಳಿ ಲೋಟದ ಕಷಾಯ

ವಾರಿಜಾ ಅಡಿಗೆಕೋಣೆಯ ಮೂಲೆಯ ಮೋರಿಯ ಬಳಿ ಕುಕ್ಕುರುಗಾಲಿನಲ್ಲಿ ಕುಳಿತು ಬೆಳ್ಳಿ ಲೋಟ ತೊಳೆಯುತ್ತಿದ್ದಳು. ಅಂಟುವಾಳದ ಕಾಯಿಯನ್ನು ನೀರಿನಲ್ಲಿ ಹಿಚುಕಿ ನೊರೆ ಬರಿಸಿ, ಹಳೆಯ ಬೈರಾಸು ಬಟ್ಟೆಯ ತುಂಡಿನಿಂದ ಮೆಲ್ಲಗೆ ಉಜ್ಜಬೇಕು. ತೆಂಗಿನ ನಾರು ತಾಗಿದರೆ ಗೀರು ಬೀಳುತ್ತದೆ. ಗೀರು ಬಿದ್ದರೆ ಮಾಮಿಗೆ ಕಾಣುತ್ತದೆ. ಹೀಗಾಗಿ ಈ ಕೆಲಸವನ್ನು ಅವಳು ಸದ್ದಿಲ್ಲದೆ, ಉಸಿರು ಹಿಡಿದು ಮಾಡಲು ಕಲಿತಿದ್ದಳು.

ಸದ್ದಿಲ್ಲದೆ ಇದ್ದುದರಿಂದಲೇ ಹೆಣ್ಣು ಕೇಳಲು ಬಂದವಳೊಡನೆ ಎದುರಿನ ಕೋಣೆಯಲ್ಲಿ ನಡೆದ ಮಾತು ಪೂರ್ತಿ ಕೇಳಿಸಿತು.

“ನಿಮ್ಮ ಹತ್ರ ಮುಚ್ಚಿಡುವುದು ಎಂತಕ್ಕೆ ವನಮಾಲಾ,” ಎಂದು ಮಾಮಿ ಹೇಳುತ್ತಿದ್ದಳು. “ಹುಡುಗಿಗೆ ಫಿಟ್ಸ್ ಉಂಟು. ಸಣ್ಣದಿರುವಾಗಲೇ ಶುರುವಾದದ್ದು.”

“ಹೌದಾ? ನೋಡಿದರೆ ಗೊತ್ತೇ ಆಗುವುದಿಲ್ಲ.”

“ನೋಡಿದರೆ ಹೇಗೆ ಗೊತ್ತಾಗ್ತದೆ? ಬಂದಾಗ ನೋಡಬೇಕು. ಮೈ ಬಿಲ್ಲಿನ ಹಾಗೆ ಬಗ್ಗಿಹೋಗ್ತದೆ. ಅದು ತನ್ನಿ, ಇದು ತನ್ನಿ ಅಂತ ಏನೇನೋ ಕೇಳ್ತಾಳೆ. ನಾವು ಬಾಯಿ ಬಿಡುವುದಿಲ್ಲ. ಮಾತಾಡಿಸಿದರೆ ಜಾಸ್ತಿ ಆಗ್ತದೆ. ಕೈಯಲ್ಲಿ ಕಬ್ಬಿಣದ ಬೀಗದಕೈ ಇಟ್ಟು ಸುಮ್ಮನೆ ಕೂತರೆ ಅದರಷ್ಟಕ್ಕೆ ಇಳೀತದೆ. ನಿಮ್ಮ ತಮ್ಮ ಪಾಪದವನು. ನಾಳೆ ನಮ್ಮನ್ನು ಶಪಿಸುವುದು ಬೇಡ ಅಂತ ಹೇಳಿದೆ.”

ವಾರಿಜಾಳಿಗೆ ಜ್ವರ ಬಂದದ್ದೇ ಅಪರೂಪ. ಬಿಲ್ಲಿನ ಹಾಗೆ ಬಗ್ಗುವುದನ್ನು ಮಾಮಿ ಊರಿನಲ್ಲಿ ತೀರಿಹೋದ ತನ್ನ ತಮ್ಮನಲ್ಲಿ ಕಂಡಿದ್ದಳು. ಅವನ ರೋಗವನ್ನು ಎತ್ತಿ ತಂದು ಇವಳ ಮೈಮೇಲೆ ಹೊದೆಸಿದಳು. ವನಮಾಲಕ್ಕ ಚಹಾದ ಲೋಟ ಕೆಳಗಿಟ್ಟ ಸದ್ದು, ಸೀರೆಯ ಸರಬರ, ಚಪ್ಪಲಿ ಹುಡುಕಿದ ಸದ್ದು ಕೇಳಿದವು. ಅವಳು ಗ್ಯಾಲರಿ ದಾಟಿ ಕೊನೆಯ ಮೆಟ್ಟಿಲು ಇಳಿದು ಹೋಗುವವರೆಗೂ ವಾರಿಜಾ ಲೋಟ ಉಜ್ಜುತ್ತಲೇ ಇದ್ದಳು. ಆಮೇಲೆ ಅದನ್ನು ಒರೆಸಿ, ದೇವರ ಪಟದ ಕೆಳಗಿನ ಹಲಗೆಯ ಮೇಲೆ ಬೋರಲಾಗಿ ಇಟ್ಟಳು. ಅದರ ಮೇಲೆ ಒಂದು ಗೀರೂ ಇರಲಿಲ್ಲ. ಅದನ್ನು ಅವಳೇ ಗಮನಿಸಿ ಮೆಚ್ಚಿಕೊಂಡಳು.

ಮಾಮಿ ಎಂದರೆ ಸೋದರಮಾವನ ಹೆಂಡತಿ ಶೀಲಾವತಿ. ಮಾವನದು ದಾದರಿನಲ್ಲಿ ಹೋಟೆಲು. ವಾರದ ಹೆಚ್ಚು ದಿನ ಅಲ್ಲಿಯೇ ಮಲಗುತ್ತಾನೆ. ಕಾಂದಿವಲಿಯ ಈ ಚಾಳಿನ ಎರಡು ಕೋಣೆಗಳಲ್ಲಿ ಮಾಮಿಯದೇ ರಾಜ್ಯ. ಬೊಂಬಾಯಿಯಲ್ಲಿ ಶಾಲೆಗೆ ಸೇರಿಸುತ್ತೇವೆ ಎಂದು ಊರಿನಿಂದ ಕರೆತಂದ ಹುಡುಗಿಯನ್ನು ಒಂದು ಮಳೆಗಾಲ ಶಾಲೆಗೆ ಕಳಿಸಿ, ಮುಂದಿನದಕ್ಕೆ ಒಲೆಯ ಮುಂದೆ ಕೂರಿಸಿದಳು. ತಾಯಿ ಸತ್ತ ಮೇಲೆ ವಾರಿಜಾಳಿಗೆ ಊರಿಗೆ ಹಿಂತಿರುಗುವ ದಾರಿಯೂ ಮುಚ್ಚಿತು.

ಅವಳ ಬಳಿ ಇದ್ದ ವಿದ್ಯೆ ಒಂದೇ, ಅಜ್ಜಿ ಕಲಿಸಿದ ಗಿಡಮರಗಳ ಗುರುತು. ಮಳೆ ಹಿಡಿಯಿತೆಂದರೆ ಕಾಂದಿವಲಿಯ ಹಿಂದಿನ ಗುಡ್ಡಕ್ಕೆ ಹೋಗಿ ಬುಟ್ಟಿ ತುಂಬಿಸಿಕೊಂಡು ಬರುತ್ತಿದ್ದಳು. ಪತ್ರೊಡೆಗೆ ಕೆಸುವಿನ ಎಲೆ, ಬಂಡೆಯ ಅಂಚಿನ ತಜಂಕು ಸೊಪ್ಪಿನ ಚಿಗುರು, ಹಳ್ಳದ ಬದಿಯ ಒಂದೆಲಗ, ಬಿದಿರಿನ ಎಳೆಮೊಳಕೆ ಕಣಿಲೆ. ತುರಿಸದ ಕೆಸು ಯಾವುದು, ಗಂಟಲು ಕೆರೆಯುವ ಕೆಸು ಯಾವುದು ಎಂದು ತೊಟ್ಟಿನ ಬಣ್ಣ ನೋಡಿ ಹೇಳುತ್ತಿದ್ದಳು. ಅವಳು ತಂದದ್ದರಲ್ಲಿ ಅವಳೇ ಮಾಡಿದ ಪತ್ರೊಡೆಯನ್ನು ಮಾಮಿ ಚಾಳಿನ ಮನೆಮನೆಗೆ ಹಂಚುತ್ತಿದ್ದಳು. “ಶೀಲಕ್ಕನ ಕೈರುಚಿ” ಎಂದು ಎಲ್ಲರೂ ಹೊಗಳುತ್ತಿದ್ದರು. ಇಂಥ ಹುಡುಗಿಯನ್ನು ಯಾರು ಬಿಟ್ಟುಕೊಡುತ್ತಾರೆ?

ಜೋಗೇಶ್ವರಿಯ ಕಾರ್ಖಾನೆಯ ಎದುರು ಚಹಾದಂಗಡಿ ಇಟ್ಟಿದ್ದ ಪೂವಪ್ಪ ಅವಳನ್ನು ಗುಡ್ಡದ ಹಾದಿಯಲ್ಲಿ ಕಂಡಿದ್ದ. ಒಂದು ಸಲ ಅವಳ ತಲೆಯ ಬುಟ್ಟಿ ನೋಡಿ, “ಅದು ತಜಂಕು ಅಲ್ವಾ? ಊರು ಬಿಟ್ಟ ಮೇಲೆ ತಿಂದೇ ಇಲ್ಲ,” ಎಂದಿದ್ದ. ಅವಳು ಒಂದು ಹಿಡಿ ತೆಗೆದು ಕೊಟ್ಟಿದ್ದಳು. ಅಷ್ಟೇ. ಅಷ್ಟರ ಮೇಲೆ ಅವನು ಅಕ್ಕ ವನಮಾಲಾಳನ್ನು ಹೆಣ್ಣು ಕೇಳಲು ಕಳಿಸಿದ. ಆ ಬಾಗಿಲನ್ನು ಮಾಮಿ ಇವತ್ತು ಒಂದು ಚಹಾ ಕುಡಿಯುವ ಹೊತ್ತಿನಲ್ಲಿ ಮುಚ್ಚಿಬಿಟ್ಟಳು. ಇನ್ನೇನು ಆಟಿ ತಿಂಗಳು ಹಿಡಿಯುತ್ತದೆ, ಮಳೆಗಾಲದ ಆ ಅಶುಭ ತಿಂಗಳಲ್ಲಿ ಯಾರೂ ಮದುವೆಯ ಮಾತೆತ್ತುವುದಿಲ್ಲ. ಆಟಿ ಕಳೆದದ್ದೇ ವನಮಾಲಕ್ಕ ತಮ್ಮನಿಗೆ ಬೇರೆ ಹುಡುಗಿಯನ್ನು ನೋಡುತ್ತಾಳೆ.

ಸುಳ್ಳು ಹೇಳಿದ ಬಾಯಿ ಮುಚ್ಚಿದರೆ ಸುಳ್ಳೂ ಮುಚ್ಚಿಹೋಗುತ್ತದೆ ಎಂದು ವಾರಿಜಾ ಲೆಕ್ಕ ಹಾಕಿದಳು. ಮಾವ ಮೆತ್ತಗಿನ ಮನುಷ್ಯ. ಮಾಮಿ ಇಲ್ಲದಿದ್ದರೆ ಅವಳನ್ನು ಕಳಿಸಿಕೊಡುತ್ತಾನೆ. ವನಮಾಲಕ್ಕನಿಗೆ ತಾನೇ ನಿಜ ಹೇಳಬಹುದು.

ದಾರಿಯನ್ನು ಹುಡುಕಬೇಕಾಗಿಯೇ ಇರಲಿಲ್ಲ. ಅದು ವರ್ಷಕ್ಕೊಮ್ಮೆ ತಾನಾಗಿ ಮನೆಗೆ ಬರುತ್ತಿತ್ತು.

ಆಟಿ ಅಮಾವಾಸ್ಯೆಯ ಬೆಳಿಗ್ಗೆ ಪಾಲೆ ಮರದ ತೊಗಟೆಯ ಕಷಾಯ ಕುಡಿಯದ ತುಳುವರಿಲ್ಲ. ಆ ದಿನ ಆ ತೊಗಟೆಯಲ್ಲಿ ಲೋಕದ ಮದ್ದೆಲ್ಲ ಸೇರಿರುತ್ತದೆ, ವರ್ಷವಿಡೀ ರೋಗ ಹತ್ತಿರ ಸುಳಿಯುವುದಿಲ್ಲ ಎಂದು ನಂಬಿಕೆ. ಬೆಳಕು ಹರಿಯುವ ಮೊದಲೇ ಹೋಗಿ ತರಬೇಕು. ಕಬ್ಬಿಣ ತಾಗಿಸಬಾರದು, ಕಲ್ಲಿನಿಂದ ಜಜ್ಜಿಯೇ ತೊಗಟೆ ಎಬ್ಬಿಸಬೇಕು. ಕತ್ತಲಲ್ಲಿ ಮರ ತಪ್ಪಿ ಕಾಸರ್ಕವೆಂಬ ವಿಷಮರದ ತೊಗಟೆ ತಂದು, ಮನೆಮಂದಿ ಸತ್ತ ಸುದ್ದಿ ಊರಿನ ಕಡೆಯಿಂದ ಆಗಾಗ ಬರುತ್ತಲೇ ಇತ್ತು. ಕೇಳಿದವರು “ಪಾಪ” ಎನ್ನುತ್ತಿದ್ದರು. ಯಾರೂ ಪೊಲೀಸರ ಹೆಸರು ಎತ್ತುತ್ತಿರಲಿಲ್ಲ.

ಈ ಚಾಳಿಗೆ ತೊಗಟೆ ತರುವವನು ಕೊರಗಪ್ಪ. ಮಾವನ ಹೋಟೆಲಿನಲ್ಲಿ ರುಬ್ಬಿ ರುಬ್ಬಿ ಮುದುಕನಾದವನು, ಈಗ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಇರುತ್ತಾನೆ. ಒಂದು ಕಣ್ಣಿಗೆ ಪೊರೆ ಬಂದಿತ್ತು. ಹೋದ ವರ್ಷವೇ ಮಾಮಿ ಎಲ್ಲರ ಮುಂದೆ, “ಈ ಅಜ್ಜ ಒಂದು ದಿನ ನಮ್ಮನ್ನೆಲ್ಲ ಒಟ್ಟಿಗೆ ಕಳಿಸ್ತಾನೆ ನೋಡಿ,” ಎಂದು ನಗಾಡಿದ್ದಳು. ಆ ನಗೆಯನ್ನು ಕೇಳಿದವರು ಹತ್ತಾರು ಜನ. ವಾರಿಜಾಳಿಗೆ ಅದು ನೆನಪಿತ್ತು. ಮುದುಕನ ಗತಿ ಏನು ಎಂಬುದನ್ನೂ ಅವಳು ಯೋಚಿಸಿದಳು. ಬಯ್ಯುತ್ತಾರೆ, ಊರಿಗೆ ಕಳಿಸುತ್ತಾರೆ. ಹೇಗೂ ಅವನು ಊರಿಗೆ ಹೋಗಬೇಕೆಂದೇ ಹಂಬಲಿಸುತ್ತಿದ್ದ.

ಅಜ್ಜಿ ಅವಳ ಬೆರಳು ಹಿಡಿದು ಎರಡೂ ಮರಗಳನ್ನು ಮುಟ್ಟಿಸಿದ್ದಳು. ಪಾಲೆ ಜಜ್ಜಿದರೆ ಹಾಲು ಸುರಿಯುತ್ತದೆ, ಕಾಸರ್ಕದಲ್ಲಿ ಹಾಲಿಲ್ಲ. ಹಾಲು ಕಾಣದಿದ್ದರೆ ಹಿಂದೆ ಬಾ ಎಂದಿದ್ದಳು. ಅಮಾವಾಸ್ಯೆಗೆ ಮುಂಚೆ ತಜಂಕು ಕೊಯ್ಯಲು ಹೋದಾಗ ವಾರಿಜಾ ಹಾಲಿಲ್ಲದ ಮರದ ಬುಡದಲ್ಲಿ ನಿಂತಳು. ಬುಟ್ಟಿಯಲ್ಲಿ ಕತ್ತಿ ಇತ್ತು. ಅದನ್ನು ಮುಟ್ಟಲಿಲ್ಲ. ಕತ್ತಿಯ ಗಾಯ ನೇರವಾಗಿರುತ್ತದೆ, ಕಲ್ಲಿನ ಗಾಯ ಚೂರುಚೂರಾಗಿರುತ್ತದೆ. ಕೊರಗಪ್ಪ ತರುವ ತೊಗಟೆಯ ಜೊತೆ ಇದು ಹೊಂದಬೇಕು. ಒಂದು ಕಲ್ಲು ಆರಿಸಿ ಜಜ್ಜಿದಳು. ತಂದದ್ದನ್ನು ಕೆಸುವಿನ ಎಲೆಗಳ ಅಡಿಯಲ್ಲಿ ಮುಚ್ಚಿದಳು.

ಉಳಿದವರಿಗೆ ಏನೂ ಆಗಬಾರದು. ಅದಕ್ಕೆ ಬೆಳ್ಳಿ ಲೋಟವಿತ್ತು.

ಅದು ಮಾಮಿಯ ತಾಯಿಮನೆಯಿಂದ ಬಂದದ್ದು. ನೀರು, ಮಜ್ಜಿಗೆ, ಕಷಾಯ, ಏನೇ ಆಗಲಿ ಮಾಮಿ ಕುಡಿಯುವುದು ಅದರಲ್ಲೇ. ಮಾವನೂ ಅದಕ್ಕೆ ತುಟಿ ತಾಗಿಸಿದವನಲ್ಲ. ಒಮ್ಮೆ ಬಾಯಾರಿ ಬಂದ ವಾರಿಜಾ ಅದರಲ್ಲಿ ನೀರು ತುಂಬಿದಾಗ ಮಾಮಿ ಇಕ್ಕುಳದಿಂದ ಅವಳ ಬೆರಳಿನ ಗೆಣ್ಣಿಗೆ ಹೊಡೆದಿದ್ದಳು. ಆ ಗೆಣ್ಣು ಇನ್ನೂ ಸರಿಯಾಗಿ ಮಡಚುತ್ತಿರಲಿಲ್ಲ. ಬಾಗಿಲಿಗೆ ಹಾಕಿದ ಬೀಗಕ್ಕಿಂತ ಆ ಲೋಟ ಭದ್ರ. ಅದರಲ್ಲಿ ಹಾಕಿದ್ದು ಮಾಮಿಯ ಬಾಯಿಗಲ್ಲದೆ ಬೇರೆಲ್ಲೂ ಹೋಗುವಂತಿಲ್ಲ.

ಎರಡೂ ಕಹಿಯೇ. ಅದೂ ಅನುಕೂಲ. ಮಾಮಿ ಮೂಗು ಸೊಟ್ಟ ಮಾಡಿ ಒಂದೇ ಗುಟುಕಿಗೆ ಏರಿಸುವವಳು. ಎಲ್ಲರಿಗೂ ಹಂಚಿದ ಮೇಲೆ, ಮನೆಯ ಯಜಮಾನಿಯಂತೆ ಕೊನೆಗೆ ಕುಡಿಯುವುದು ಅವಳ ರೂಢಿ. ಅಷ್ಟರಲ್ಲಿ ಉಳಿದವರೆಲ್ಲ ಕುಡಿದು ಮುಗಿಸಿರುತ್ತಾರೆ. ಸೋಸಿ ಉಳಿದ ಚರಟದಲ್ಲಿ ಆಮೇಲೆ ಕಾಸರ್ಕದ ಎರಡು ಚೂರು ಸೇರಿಸಿದರೆ, ಹುಡುಕುವವರಿಗೆ ಮುದುಕನ ತಪ್ಪು ಅಲ್ಲಿಯೇ ಸಿಗುತ್ತದೆ. ಅವನ ಹಿಡಿಯಲ್ಲಿ ಒಂದು ಚೂರು ಬೇರೆ ಮರದ್ದು ಸೇರಿತ್ತು, ಅದರ ರಸ ಪಾಪ ಶೀಲಕ್ಕನ ಪಾಲಿಗೆ ಬಂತು ಎಂದುಕೊಳ್ಳುತ್ತಾರೆ. ವಾರಿಜಾ ಎಲ್ಲರೆದುರು ತನ್ನ ಜಜ್ಜಿಹೋದ ಅಲ್ಯೂಮಿನಿಯಂ ಲೋಟದಲ್ಲಿ ಒಳ್ಳೆಯ ಕಷಾಯ ಕುಡಿಯುತ್ತಾಳೆ.

ಇನ್ನೂ ಒಂದು ಹೊಲಿಗೆ ಹಾಕಿದಳು. “ಜೋಗೇಶ್ವರಿಯಲ್ಲಿ ವನಮಾಲಕ್ಕನಿಗೆ ಪಾಲೆ ತಂದುಕೊಡುವವರು ಇಲ್ಲವಂತೆ ಮಾಮಿ,” ಎಂದು ಅಕ್ಕಿ ಆರಿಸುತ್ತ ಹೇಳಿದಳು.

“ಇಲ್ಲದೆ ಇದ್ದರೆ ಇಲ್ಲಿಗೆ ಬರಲಿ. ನಮ್ಮ ಮನೆಯದ್ದು ಕುಡಿದು ಹೋಗಲಿ,” ಎಂದು ಮಾಮಿ ದೊಡ್ಡಸ್ತಿಕೆಯಿಂದ ಹೇಳಿ ಕಳಿಸಿದಳು.

ವನಮಾಲಕ್ಕ ಬಂದರೆ ಎರಡು ಲಾಭ. ಮಾಮಿಯೂ ಎಲ್ಲರಂತೆ ಕಷಾಯ ಕುಡಿದಳು ಎನ್ನಲು ಹೊರಗಿನ ಸಾಕ್ಷಿ ಸಿಗುತ್ತದೆ. ಜೊತೆಗೆ, ಮನೆಯ ಕೆಲಸವನ್ನೆಲ್ಲ ಹಗುರವಾಗಿ ಮಾಡುವ ಗಟ್ಟಿಮುಟ್ಟಾದ ಹುಡುಗಿಯನ್ನು ಅವಳು ಕಣ್ಣಾರೆ ಕಾಣುತ್ತಾಳೆ.

ಅಮಾವಾಸ್ಯೆಯ ದಿನ ಕೊರಗಪ್ಪ ನೆನೆದ ಗೋಣಿ ಹೊದ್ದು ಬಂದು ತೊಗಟೆಯ ಕಟ್ಟನ್ನು ಹೊಸ್ತಿಲಲ್ಲಿ ಇಟ್ಟ. ವಾರಿಜಾ ಒಂದೊಂದು ಚೂರನ್ನೂ ತಿರುಗಿಸಿ ನೋಡಿದಳು. ಎಲ್ಲದರಲ್ಲೂ ಹಾಲು ಒಸರಿತ್ತು. ಮುದುಕನ ಕೈಗೆ ಕಣ್ಣು ಬೇಕಾಗಿರಲಿಲ್ಲ. ಅವಳು ತೊಗಟೆಯನ್ನು ಓಮ, ಬೆಳ್ಳುಳ್ಳಿ, ಕರಿಮೆಣಸಿನ ಜೊತೆ ಅರೆದು ಹಿಂಡಿ, ಬೆಂಕಿಯಲ್ಲಿ ಕಾಯಿಸಿದ ಬೆಣಚುಕಲ್ಲನ್ನು ಅದರಲ್ಲಿ ಮುಳುಗಿಸಿದಳು. ಚುಂಯ್ ಎಂದು ಹೊಗೆ ಎದ್ದಿತು. ಆಮೇಲೆ ಬಾಗಿಲು ಮರೆಮಾಡಿಕೊಂಡು ಅಡಗಿಸಿಟ್ಟಿದ್ದ ಬೇರೆ ತೊಗಟೆಯನ್ನು ಅರೆದು ಬೆಳ್ಳಿ ಲೋಟಕ್ಕೆ ಹಿಂಡಿ, ಒಂದು ಬಾಳೆಲೆಯ ತುಂಡು ಮುಚ್ಚಿ, ದೇವರ ಪಟದ ಕೆಳಗಿನ ಹಲಗೆಯ ಮೇಲೆ ಇಟ್ಟಳು. ಅರೆದ ಕಲ್ಲನ್ನು ತೊಳೆದಳು. ಕೈಯನ್ನು ತೊಳೆದಳು. ಒಲೆಯಲ್ಲಿ ಮೆಂತೆ ಗಂಜಿಗೆ ನೀರು ಕುದಿಯುತ್ತಿತ್ತು.

ವನಮಾಲಕ್ಕ ಮೊದಲ ಲೋಕಲ್ ಹಿಡಿದು ಬಂದಳು. ಪಕ್ಕದ ಕೋಣೆಯ ಸುಮಿತ್ರಾ ಕೂಡ ಬಂದಳು. ಅವಳು ಮೈಸೂರಿನ ಕಡೆಯವಳು, ಗಂಡ ರೈಲ್ವೆ ಆಫೀಸಿನ ಗುಮಾಸ್ತ. ಇದನ್ನೆಲ್ಲ ನೋಡುವ ಕುತೂಹಲ ಅವಳಿಗೆ.

“ಏನ್ರೀ ಇದು, ಬೆಳಬೆಳಿಗ್ಗೆ ಎಲ್ಲರೂ ಲೋಟ ಹಿಡ್ಕೊಂಡು ಕೂತಿದೀರಾ,” ಎಂದಳು ಸುಮಿತ್ರಾ. “ಪೊಲೀಸ್ನೋರು ಬಂದ್ರೆ ಸರಾಯಿ ಅಂತ ಹಿಡ್ಕೊಂಡ್ ಹೋಗ್ತಾರೆ.”

“ಹಿಡೀಲಿ. ಅವರಿಗೂ ಒಂದು ಗುಟುಕು ಕುಡಿಸುವ. ಮತ್ತೆ ಈ ಚಾಳಿಗೆ ಕಾಲಿಡುವುದಿಲ್ಲ,” ಎಂದಳು ಮಾಮಿ.

ಸುಮಿತ್ರಾ ಕುಡಿದು ಮುಖ ಹಿಂಡಿ, ಬೆಲ್ಲಕ್ಕೆ ಕೈಚಾಚಿದಳು. “ಅಮ್ಮಮ್ಮ, ಇದನ್ನ ಕುಡಿಯೋಕಿಂತ ರೋಗಾನೇ ವಾಸಿ ಕಣ್ರೀ.”

ವನಮಾಲಕ್ಕ ಸದ್ದಿಲ್ಲದೆ ಕುಡಿದಳು. ಅವಳ ಕಣ್ಣು ವಾರಿಜಾಳ ಹಿಂದೆಯೇ ಓಡಾಡುತ್ತಿತ್ತು. ವಾರಿಜಾ ಕುದಿಯುವ ಗಂಜಿಯ ಪಾತ್ರೆಯನ್ನು ಇಳಿಸಿದಳು, ತುಂಬಿದ ಕೊಡ ಎತ್ತಿಟ್ಟಳು, ಹೊಸ್ತಿಲಲ್ಲಿದ್ದ ಕೊರಗಪ್ಪನಿಗೆ ಅವನ ಪಾಲು ಕೊಟ್ಟು ಬಂದಳು. ಒಂದು ಹನಿಯೂ ಚೆಲ್ಲಲಿಲ್ಲ.

“ಎಷ್ಟು ಚುರುಕು ಹುಡುಗಿ,” ಎಂದಳು ವನಮಾಲಕ್ಕ ಕೊನೆಗೆ. “ಇವಳಿಗೆ ಆ ರೋಗ ಅಂದರೆ ನಂಬಲಿಕ್ಕೇ ಆಗುವುದಿಲ್ಲ ಶೀಲಕ್ಕ. ನನ್ನ ತಮ್ಮನೂ ಅದನ್ನೇ ಹೇಳುವುದು.”

ಇದೇ ಮಾತಿಗೆ ವಾರಿಜಾ ಇಷ್ಟೆಲ್ಲ ಹೊಲಿಗೆ ಹಾಕಿದ್ದು. ಒಲೆಯ ಕಡೆ ತಿರುಗಿ ಅವಳು ಮುಖ ಅಡಗಿಸಿಕೊಂಡಳು. ತನ್ನ ಅಲ್ಯೂಮಿನಿಯಂ ಲೋಟಕ್ಕೆ ಕೈ ಚಾಚಿದಳು.

“ಅದರಲ್ಲಿ ಬೇಡ ಮಗಾ,” ಎಂದಳು ಮಾಮಿ.

ಮಗಾ ಎಂಬ ಮಾತನ್ನು ಮಾಮಿಯ ಬಾಯಿಂದ ಅವಳು ಕೇಳಿದ್ದು ಅದೇ ಮೊದಲು.

“ನಂಬಲಿಕ್ಕೆ ಆಗುವುದಿಲ್ಲ ಅಂತೀರಲ್ಲ ವನಮಾಲಾ, ನಾನು ಎಷ್ಟು ನೋಡಿಕೊಳ್ತೇನೆ ಅಂತ ನಿಮಗೆ ಗೊತ್ತುಂಟಾ? ವರ್ಷಕ್ಕೊಮ್ಮೆ ಈ ಕಷಾಯ ಬೆಳ್ಳಿಯಲ್ಲಿ ಹೊಟ್ಟೆಗೆ ಹೋದರೆ ಫಿಟ್ಸ್ ಹಿಡಿತದಲ್ಲಿ ಇರ್ತದೆ ಅಂತ ಊರಿನ ವೈದ್ಯರು ಹೇಳಿದ್ದಾರೆ. ನನ್ನ ತಾಯಿ ಕೊಟ್ಟ ಲೋಟ, ನನ್ನ ಗಂಡನಿಗೂ ಕೊಡುವುದಿಲ್ಲ. ಇವಳಿಗೆ ಮಾತ್ರ ಕೊಡುವುದು. ಎಂತ ಮಾಡುವುದು, ರೋಗದ ಮಗು.” ಮಾಮಿ ಹಲಗೆಯಿಂದ ಬೆಳ್ಳಿ ಲೋಟ ಎತ್ತಿ, ಬಾಳೆಲೆ ತೆಗೆದು, ಎರಡೂ ಕೈಯಲ್ಲಿ ಹಿಡಿದು ಬಂದಳು. ಕಣ್ಣಂಚಿನಲ್ಲಿ ನೀರೂ ಇತ್ತು.

“ಬೇಡ ಮಾಮಿ. ಅದು ನಿಮ್ಮದು.”

“ನೋಡಿದಿರಾ, ಹೀಗೇ ಹಠ. ಆ ರೋಗದ ಗುಣವೇ ಇದು.”

ವಾರಿಜಾ ಲೋಟ ತೆಗೆದುಕೊಂಡಳು. ಕೈಜಾರಿದ ಹಾಗೆ ಬೀಳಿಸಿದರೆ ಮುಗಿಯಿತು ಎಂದುಕೊಂಡು ಬೆರಳು ಸಡಿಲಿಸಿದಳು. ಮಡಚದ ಗೆಣ್ಣಿನ ಆ ಬೆರಳ ಮೇಲೆ ಮಾಮಿಯ ಕೈ ಬಂದು ಒತ್ತಿ ಹಿಡಿಯಿತು. ಅವಳು ತುಟಿ ಬಿಗಿದು ಮುಖ ತಿರುಗಿಸಿದಳು.

“ಬಿಡಿ ಶೀಲಕ್ಕ, ನಾನು ಕುಡಿಸ್ತೇನೆ. ಐದು ಜನ ತಮ್ಮಂದಿರನ್ನು ಸಾಕಿದವಳು ನಾನು,” ಎಂದು ವನಮಾಲಕ್ಕ ಎದ್ದು ಬಂದಳು. ಅವಳ ದನಿಯಲ್ಲಿ ನಿಜವಾದ ಕರುಣೆ ಇತ್ತು. “ಸುಮಿತ್ರಾ, ತಲೆ ಸ್ವಲ್ಪ ಹಿಡೀರಿ. ನಮ್ಮ ಪೂವಪ್ಪನಿಗೂ ಹೀಗೇ ಕುಡಿಸುತ್ತಿದ್ದದ್ದು.” ಎರಡು ಬೆರಳು ಬಂದು ಅವಳ ಮೂಗು ಹಿಡಿದವು.

ಒಂದು ಮಾತು ಸಾಕಿತ್ತು. ಆದರೆ ಆ ಮಾತು ಆಡಿದರೆ ಲೋಟ ಯಾರಿಗಾಗಿ ತುಂಬಿದ್ದೆಂಬುದನ್ನೂ ಆಡಿದಂತೆ. ಹೇಳಬೇಕೋ ಬೇಡವೋ ಎಂದು ಅವಳು ಎಂದಿನ ಎಚ್ಚರದಿಂದ ತೂಗಿ ನೋಡುತ್ತಿದ್ದಾಗ ಉಸಿರು ಕಟ್ಟಿ ಬಾಯಿ ತೆರೆಯಿತು. ಕಹಿ ಗಂಟಲಲ್ಲಿ ಇಳಿದೇ ಹೋಯಿತು.

“ಆಯ್ತು, ಆಯ್ತು. ಜಾಣೆ,” ಎಂದು ವನಮಾಲಕ್ಕ ಬೆಲ್ಲದ ತುಂಡನ್ನು ಅವಳ ಬಾಯಿಗೆ ತುರುಕಿದಳು. ಮೋರಿಯ ಕಡೆ ಹೋಗಲು ಬಿಡಲಿಲ್ಲ. “ಕಾರಿದರೆ ಮದ್ದು ಹಾಳು” ಎಂದು ಪಕ್ಕದಲ್ಲಿ ಕೂರಿಸಿಕೊಂಡು ಬೆನ್ನು ನೇವರಿಸಿದಳು. ವಾರಿಜಾ ಕುಳಿತಳು. ತೊಗಟೆ ತಂದು ಎಷ್ಟೋ ದಿನವಾಗಿದೆ, ಕಸುವು ಇಳಿದಿರಬಹುದು ಎಂದುಕೊಂಡಳು. ಸುಮ್ಮನಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಮೆಂತೆ ಗಂಜಿ ಬಡಿಸಿದರು. ಹೊರಗೆ ಮಳೆ ಜೋರಾಯಿತು. ಸುಮಿತ್ರಾ ಮೈಸೂರಿನ ಯಾವುದೋ ಮದುವೆಯ ಕತೆ ಹೇಳತೊಡಗಿದಳು. ಕೆಳಗೆ ಯಾರೋ ಬಾಲ್ದಿಯನ್ನು ನಲ್ಲಿಯ ಕೆಳಗೆ ದಡಕ್ಕನೆ ಇಟ್ಟರು. ಆ ಸದ್ದಿಗೆ ವಾರಿಜಾಳ ಮೈ ತಾನಾಗಿ ಚಿಮ್ಮಿತು. ಗಂಜಿಯ ಬಟ್ಟಲು ಉರುಳಿತು. ದವಡೆ ಬಿಗಿಯತೊಡಗಿತು, ಬೆನ್ನು ಹಿಂದಕ್ಕೆ ಸೆಟೆಯಿತು. ಬುದ್ಧಿ ಮಾತ್ರ ತೊಳೆದಿಟ್ಟ ಹಾಗೆ ತಿಳಿಯಾಗಿತ್ತು. ಡಾಕ್ಟರ ದವಾಖಾನೆ ಸ್ಟೇಶನ್ನಿನ ಪಕ್ಕದಲ್ಲೇ ಇದೆ, ಕೊರಗಪ್ಪನನ್ನು ಓಡಿಸಿದರೂ ಬೇಗ ಬರುತ್ತಾರೆ ಎಂದು ಅವಳು ಯೋಚಿಸಿದಳು.

“ಬಂತು,” ಎಂದಳು ವನಮಾಲಕ್ಕ, ಹೆಚ್ಚು ಗಾಬರಿಯಿಲ್ಲದೆ. “ಶೀಲಕ್ಕ ಹೇಳಿದ ಹಾಗೆಯೇ ಬಗ್ಗುತ್ತಾಳೆ. ಸುಮಿತ್ರಾ, ದೂರ ಸರೀರಿ, ಏನು ಕೇಳಿದರೂ ಮಾತಾಡಿಸಬೇಡಿ.” ಮರವನ್ನು, ಕಲ್ಲನ್ನು, ಮುದುಕನ ಕಣ್ಣನ್ನು, ಲೋಟವನ್ನು ಎಲ್ಲ ಲೆಕ್ಕಕ್ಕೆ ತೆಗೆದುಕೊಂಡಿದ್ದ ವಾರಿಜಾ ಒಂದನ್ನು ಮರೆತಿದ್ದಳು. ಮಾಮಿಯ ಸುಳ್ಳು ಈಗ ಮಾಮಿಯೊಬ್ಬಳ ಬಾಯಲ್ಲಿ ಇರಲಿಲ್ಲ. ಇಲ್ಲಿದ್ದವರೆಲ್ಲ ಅದನ್ನು ನಂಬಿ, ಮಾಡಬೇಕಾದ್ದನ್ನು ಕಲಿತು ಕುಳಿತಿದ್ದರು. ವಾರಿಜಾಳನ್ನು ಬಿಟ್ಟರೆ, ಇದು ಫಿಟ್ಸ್ ಅಲ್ಲವೆಂದು ಬಲ್ಲವಳು ಆ ಕೋಣೆಯಲ್ಲಿ ಮಾಮಿ ಒಬ್ಬಳೇ. ಆ ಒಬ್ಬಳು ಖಾಲಿಯಾದ ಬೆಳ್ಳಿ ಲೋಟವನ್ನು ನೋಡಿದಳು. ಅದು ದಿನವೂ ಯಾರ ಬಾಯಿಗೆ ಹೋಗುವ ಲೋಟವೆಂದು ನೆನಪಾದವಳಂತೆ ಇನ್ನೊಮ್ಮೆ ನೋಡಿದಳು. ಆಮೇಲೆ ಮೆಲ್ಲಗೆ ಸೊಂಟದಿಂದ ಬೀಗದಕೈ ಬಿಚ್ಚಿ, ತಂದು ವಾರಿಜಾಳ ಅಂಗೈಯಲ್ಲಿ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿ, ಗೋಡೆಗೆ ಒರಗಿ ಕುಳಿತಳು. ಕಬ್ಬಿಣ ತಣ್ಣಗಿತ್ತು. ವಾರಿಜಾ ಬಿಗಿದ ಹಲ್ಲುಗಳ ನಡುವಿನಿಂದ, ಸ್ಪಷ್ಟವಾಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು.

“ಮಾಮಿ, ಡಾಕ್ಟರನ್ನು ಕರೆಸಿ.”